ಮಳೆಗಾಲದಲ್ಲಿ ಗಂಜಿಯಿಲ್ಲದ ಹಾಸು: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಹೊಸನಗರದಂಥ ಮಳೆಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈನೂಲಿನ ಹಾಸನ್ನು, ಎಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಮಗ್ಗಕ್ಕೇರಿಸುವುದು ಆಗದ ಮಾತು ಎಂದು ನನಗೆ ಹೇಳದ ಖಾದಿ ಕಾರ್ಯಕರ್ತರಿಲ್ಲ. ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮ ನಾಲ್ಕು ಮಗ್ಗಗಳು ನಿಲ್ಲದೆ ನಡೆದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲೇ ಏಕೆ ಎಂದು ಕೇಳುವವರು ಬಯಲುಸೀಮೆಯವರು. ರೈತನ ಕೈ ಬಿಡುವಾಗಿರುವ ತಿಂಗಳುಗಳಿಗೆ ರಾಟೆ ಎಂಬುದು ಗಾಂಧೀಜಿಯವರ ವಾದ. ಬಯಲುಸೀಮೆಯಲ್ಲಿ ಆ ಬಿಡುವು ಬೇಸಿಗೆಯಲ್ಲಿ ಬರುತ್ತದೆ. ನಮ್ಮಲ್ಲಿ ಅಕ್ಟೋಬರ್‌ನಿಂದ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಅದು ಮುಗಿಯುವಷ್ಟರಲ್ಲಿ ತೋಟದ ಮಣ್ಣು, ಸೊಪ್ಪಿನ ಕೆಲಸ. ನಾಟಿ ಮುಗಿದ ಮೇಲಿನ ಶ್ರಾವಣ, ಭಾದ್ರಪದಗಳಲ್ಲಿ ಮಾತ್ರ ಹೆಂಗಸರಿಗೆ ಕೂಲಿಯಿಲ್ಲ. 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಈಸೂರಿನವರು ಅಧಿಕಾರಿಗಳ ತಲೆಗೂ ಗಾಂಧಿ ಟೋಪಿ ಹಾಕಿಸಲು ಹೊರಟದ್ದನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಟೋಪಿಯ ನೂಲು ನೂತವರಿಗೆ ಎಷ್ಟು ಕೂಲಿ ಸಿಕ್ಕಿತೆಂದು ಯಾರೂ ಕೇಳುವುದಿಲ್ಲ. ನನಗೆ ಎರಡೂ ಮುಖ್ಯ.

ತೊಂದರೆ ನೂಲುವುದರಲ್ಲಿ ಇರಲಿಲ್ಲ. ಖಾದಿ ಆಯೋಗದ ಚಿತ್ರದುರ್ಗದ ಘಟಕದ ಹಂಜಿಯನ್ನು (ನೂಲಲು ಸಿದ್ಧಮಾಡಿದ ಹತ್ತಿಯನ್ನು) ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಟ್ಟು ಬೇಕಾದಷ್ಟೇ ತೆಗೆದರೆ ಎಂಟು ಕದಿರಿನ ರಾಟೆ ಮಳೆಯಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಹತ್ತಿಯ ಎಳೆ ತೇವದಲ್ಲಿ ಗಟ್ಟಿಯಾಗುತ್ತದೆ. ಗಿರಣಿಗಳು ದುಡ್ಡು ಕೊಟ್ಟು ತುಂತುರು ಹಾಯಿಸಿಕೊಳ್ಳುತ್ತವೆ, ನಮಗೆ ಅದು ಪುಕ್ಕಟೆ. ಕೆಡುತ್ತಿದ್ದುದು ಮಗ್ಗದಲ್ಲಿ ಎಳೆ ಹರಿಯದಿರಲೆಂದು ಹಾಸಿನ ನೂಲಿಗೆ ಹಚ್ಚುವ ಗಂಜಿ. ಅಕ್ಕಿಗಂಜಿ ಹಾಕಿದ ಹಾಸು ಮರುದಿನವೇ ಹುಳಿ ವಾಸನೆ ಹೊಡೆದು, ನಾಲ್ಕು ದಿನಕ್ಕೆ ಬೂದುಬಣ್ಣದ ಬೂಸು ಹಿಡಿದು, ಎಳೆಗೆ ಎಳೆ ಅಂಟಿಕೊಂಡು, ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಫಣಿಯ ಹತ್ತಿರ ಬರುವಷ್ಟರಲ್ಲಿ ಪಟಪಟನೆ ಹರಿಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ಬಣ್ಣ ಕೂತು ತೊಳೆದರೂ ಹೋಗಲಿಲ್ಲ. ಕೊನೆಗೆ ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸಲು ತಂದಿಟ್ಟಿದ್ದ ಮೈಲುತುತ್ತವನ್ನು ಚಿಟಿಕೆಯಷ್ಟು ಗಂಜಿಗೆ ಸೇರಿಸಿ ನೋಡಿದೆ. ಬೂಸು ನಿಂತಿತು, ಆದರೆ ನೂಲು ಹಸಿರಿಗೆ ತಿರುಗಿತು, ನೇಯುವವರ ಬೆರಳುಗಳಲ್ಲಿ ತುರಿಕೆ ಎದ್ದಿತು. ಅಲ್ಲಿಗೆ ಅದನ್ನು ಕೈಬಿಟ್ಟೆ. ಹೀಗೆ ಹಾಳಾದ ಹಾಸುಗಳ ಲೆಕ್ಕ, ನೆನಪಿನಿಂದ ಹೇಳುವುದಾದರೆ, 60-70 ಸಾವಿರ ರೂಪಾಯಿ. ಸಾಲ ಕೊಟ್ಟ ಸಹಕಾರಿ ಸಂಘದವರು ಮಗ್ಗ ಮಾರಿ ಮೆಣಸಿನ ಬಳ್ಳಿ ಹಾಕಿ ಎಂದು ಬುದ್ಧಿ ಹೇಳಿದರು.

ಗಂಜಿಯೇ ಶತ್ರುವಾದರೆ ಗಂಜಿಯೇ ಬೇಡ ಎಂದು ತೀರ್ಮಾನಿಸಿದೆ. ಹಾಸಿನ ಎಳೆಗೆಂದು 40 ಕೌಂಟಿನ (ಕೌಂಟು ಹೆಚ್ಚಿದಷ್ಟೂ ನೂಲು ತೆಳು) ಸುಮಾರಿಗೆ ತೆಳ್ಳಗೆ ನೂಲಿಸಿ, ಅದೇ ರಾಟೆಯಲ್ಲಿ ಹತ್ತಿಯನ್ನು ಎಳೆದು ತೆಳುಮಾಡುವ ಉರುಳೆಗಳಲ್ಲಿ ಮುಂದಿನದೊಂದನ್ನೇ ಉಳಿಸಿಕೊಂಡು, ಎರಡೆರಡು ಎಳೆ ಸೇರಿಸಿ ಹಿಮ್ಮುಖವಾಗಿ ತಿರುಗಿಸಿ ಹುರಿ ಹಾಕಿಸಿದೆ. ಗದಗದ ಕಡೆಯಿಂದ ಬಂದು ನಮ್ಮಲ್ಲಿದ್ದ ಹಿರಿಯ ನೇಕಾರರು ಅದನ್ನು ಉಗುರಿನಿಂದ ಕೆರೆದು ನೋಡಿ, “ಗೌಡ್ರ, ಇದು ಅಂಗಿ ಅರಿವಿ ಆಗಂಗಿಲ್ರೀ, ಜಮಖಾನಿ ಆಗ್ತೈತಿ” ಎಂದರು. ಒಂದು ದರ್ಜೆ ವಿರಳವಾದ ಫಣಿ ಹಾಕಿ, ಹೊಕ್ಕಿಗೆ, ಎಂದರೆ ಅಡ್ಡ ಎಳೆಗೆ, ಒಂಟಿ ಎಳೆಯನ್ನೇ ಇಟ್ಟುಕೊಂಡದ್ದರಿಂದ ಜಮಖಾನೆಯೂ ಆಗಲಿಲ್ಲ, ಎಳೆ ಹರಿಯುವುದೂ ಮೀಟರಿಗೆ ಐದಾರಕ್ಕೆ ಇಳಿಯಿತು. ಹುರಿ ಹಾಕಿದ ಲಡಿಯನ್ನು (ನೂಲಿನ ಸುರುಳಿಯನ್ನು) ನೆನೆಸಿ, ಭಾರ ಕಟ್ಟಿ ತೂಗುಹಾಕಲೇಬೇಕು, ಇಲ್ಲವಾದರೆ ಹಾಸು ಸಿಂಬೆ ಸುತ್ತಿಕೊಳ್ಳುತ್ತದೆ. ನೆನೆಸುವ ನೀರಿಗೆ ನಾನು ಏನು ಹಾಕುತ್ತೇನೆ, ಹುರಿಯ ಸುತ್ತನ್ನು ಎಲ್ಲಿಗೆ ನಿಲ್ಲಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ಹಣ. ಒಂದು ಮೀಟರ್ ಬಟ್ಟೆಗೆ ಆರೇಳು ಲಡಿ ನೂಲು ಬೇಕು. ಖಾದಿ ಆಯೋಗದ ದರ 2025ರ ಏಪ್ರಿಲ್‌ನಿಂದ ಲಡಿಗೆ 15 ರೂಪಾಯಿ. ನಾನು 20 ಕೊಡುತ್ತೇನೆ, ಹುರಿಗೆ ಪ್ರತ್ಯೇಕ. ಹಂಜಿ, ನೇಯ್ಗೆ, ಬಣ್ಣ ಎಲ್ಲ ಸೇರಿ ಅಸಲು 400ರ ಆಸುಪಾಸು, ಮಾರುವುದು 520ಕ್ಕೆ. ಅರ್ಧ ದಿನ ಕೂರುವ ಹೆಂಗಸು ಹನ್ನೆರಡು ಲಡಿ ನೂತರೆ 240 ರೂಪಾಯಿ. ಅಡಿಕೆ ಸುಲಿತದ ಮುಂದೆ ಇದು ನಿಲ್ಲುವುದಿಲ್ಲ, ಆದ್ದರಿಂದ ಕೊಯ್ಲಿನಲ್ಲಿ ಯಾರನ್ನೂ ರಾಟೆಗೆ ಕರೆಯುವುದೂ ಇಲ್ಲ. ಆಗಸ್ಟ್ ಬಂದರೆ ಬಾವುಟದ ಬಟ್ಟೆ ಕೇಳಿಕೊಂಡು ಬರುವವರಿದ್ದಾರೆ. ಅದಕ್ಕೆ ಭಾರತೀಯ ಮಾನಕ ಸಂಸ್ಥೆಯ ಕಟ್ಟುನಿಟ್ಟಾದ ಅಳತೆಗಳಿವೆ, ಅದು ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದವರ ಕೆಲಸ. ಅಲ್ಲದೆ 2021ರ ಡಿಸೆಂಬರ್‌ನಲ್ಲಿ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕ ಮೇಲೆ, ವರ್ಷಕ್ಕೊಂದು ದಿನದ ದೇಶಾಭಿಮಾನವನ್ನು ನಂಬಿ ನೂಲುವವರನ್ನು ಕೂರಿಸುವುದು ನನಗೆ ಸರಿಕಾಣಲಿಲ್ಲ. ಅಂಗಿ ಬಟ್ಟೆಯಾದರೆ ವರ್ಷವಿಡೀ ಕೇಳುವವರಿರುತ್ತಾರೆ.

ಹುರಿನೂಲಿನಿಂದ ಎಣಿಸದ ಲಾಭವೊಂದು ಬಣ್ಣದಲ್ಲಿ ಬಂತು. ಗಂಜಿಯಿಲ್ಲದ ಎಳೆಗೆ ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ತಡೆಯಿಲ್ಲದೆ ಇಳಿಯುತ್ತದೆ. ಅಳಲೆಕಾಯಿ ನೀರಿನಲ್ಲಿ ನೆನೆಸಿ, ಪಟಿಕ ಕೊಟ್ಟು, ಹಳೆಯ ಮಂದ ಚೊಗರಿನಲ್ಲಿ ಕುದಿಸಿದರೆ ಕೆಂಗಂದು ಬಣ್ಣ ಕೂರುತ್ತದೆ. ಬೆಲ್ಲದ ನೀರಿನಲ್ಲಿ ಕೊಳೆಸಿದ ತುಕ್ಕು ಕಬ್ಬಿಣ ಸೇರಿಸಿದರೆ ಕಪ್ಪು. ಕಬ್ಬಿಣ ಬರಬರುತ್ತಾ ಎಳೆಯನ್ನು ತಿನ್ನುವುದರಿಂದ ಅದನ್ನು ಹೊಕ್ಕಿನ ನೂಲಿಗೆ ಮಾತ್ರ, ಅದೂ ಅಂಚಿಗೆ, ಬಳಸುತ್ತೇನೆ. ಮೊದಲೆಲ್ಲ ಚೊಗರನ್ನು ಕೊಡಗಟ್ಟಲೆ ಸುಮ್ಮನೆ ಕೊಡುತ್ತಿದ್ದ ಅಕ್ಕಪಕ್ಕದ ತೋಟದವರು ಈಗ ಲೀಟರಿಗಿಷ್ಟು ಎಂದು ದರ ಹೇಳತೊಡಗಿರುವುದರಿಂದ, ಬರುವ ಕೊಯ್ಲಿನದಕ್ಕೆ ಈಗಲೇ ಮುಂಗಡ ಕೊಟ್ಟಿಟ್ಟಿದ್ದೇನೆ.