ವರ್ಕ್‌ಶಾಪಿನಲ್ಲಿ ಸೋರುವ ಗಾಳಿ ಹಿಡಿಯುವುದು ಹೇಗೆ

ಕರೆಂಟ್ ಬಿಲ್ ಇಳಿಸಬೇಕು ಅಂದ ಕೂಡಲೇ ನಮ್ಮ ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆ ಎಲ್ಲರೂ ಸೋಲಾರ್ ಮಾತು ತೆಗೆಯುತ್ತಾರೆ. ಅದು ಆಮೇಲೆ. ಮೊದಲು ಊಟದ ಹೊತ್ತಿಗೆ ಮಷೀನ್ ನಿಂತಾಗ ಶೆಡ್ಡಿನಲ್ಲಿ ಎರಡು ನಿಮಿಷ ಸುಮ್ನೆ ನಿಂತು ಕೇಳಿ. ಎಲ್ಲೋ ಸುಸ್ಸ್ ಅಂತಿದೆ, ಅಲ್ವಾ? ಅದು ಮಷೀನಿಗೆ ಅಂತ ನೀವು ದುಡ್ಡು ಕೊಟ್ಟು ಕಂಪ್ರೆಸರಿನಿಂದ ಒತ್ತಿ ತುಂಬಿಸಿದ ಗಾಳಿ.

ಎಷ್ಟು ಸೋರುತ್ತಿದೆ ಅಂತ ತಿಳಿಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ರಜೆ ದಿನ ಗಾಳಿಯ ಕೆಲಸವೆಲ್ಲ ನಿಲ್ಲಿಸಿ. ಲೈನಿನ ವಾಲ್ವ್‌ಗಳು ತೆರೆದೇ ಇರಲಿ, ಕಂಪ್ರೆಸರ್ ಮಾತ್ರ ಓಡಲಿ. ಅದು ಎಷ್ಟು ಸೆಕೆಂಡ್ ಲೋಡ್‌ನಲ್ಲಿರುತ್ತದೆ (ಅಂದರೆ ಗಾಳಿ ತುಂಬುತ್ತದೆ), ಎಷ್ಟು ಸೆಕೆಂಡ್ ಅನ್‌ಲೋಡ್‌ನಲ್ಲಿರುತ್ತದೆ (ಅಂದರೆ ತುಂಬದೆ ಇರುತ್ತದೆ), ನಾಲ್ಕೈದು ಸಲ ಬರೆದುಕೊಂಡು ಸರಾಸರಿ ತೆಗೆಯಿರಿ. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿ. ನಮ್ಮಲ್ಲಿ ಲೋಡ್ 90, ಅನ್‌ಲೋಡ್ 210 ಬಂತು. ಅಂದರೆ 30% ಗಾಳಿ ಯಾರೂ ಬಳಸದೆ ಹೋಗುತ್ತಿತ್ತು! 20 ಎಚ್‌ಪಿ ಕಂಪ್ರೆಸರ್ ಸುಮಾರು 15 ಕಿಲೋವ್ಯಾಟ್, ಅದರಲ್ಲಿ 4.5 ಸೋರಿಕೆಗೇ. ದಿನಕ್ಕೆ 10 ಗಂಟೆ ಓಡಿದರೆ 45 ಯೂನಿಟ್. 10%ಗಿಂತ ಕಡಿಮೆ ಬಂದರೆ ನಿಮ್ಮದು ಚೆನ್ನಾಗಿದೆ.

ಇನ್ನು ಹುಡುಕಾಟ. ಸೋಪಿನ ನೀರು, ಒಂದು ಹಳೆ ಪೇಂಟ್ ಬ್ರಷ್. ಕಪ್ಲಿಂಗ್, ಫಿಲ್ಟರ್ ಬೌಲ್, ಥ್ರೆಡ್ ಜಾಯಿಂಟ್, ಪಿಯು (ಪ್ಲಾಸ್ಟಿಕ್) ಪೈಪನ್ನು ಒತ್ತಿ ಕೂರಿಸುವ ಪುಷ್ ಫಿಟ್ಟಿಂಗ್, ಎಲ್ಲದಕ್ಕೂ ಹಚ್ಚಿ, ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನಮ್ಮ ಮೂರನೇ ಲೇತ್ ಹಿಂದೆ ಬಿಸಿ ಚಿಪ್ಸ್ ಬಿದ್ದು ಪೈಪ್ ತೂತಾಗಿತ್ತು, ಯಾರೋ ಅದಕ್ಕೆ ಕಪ್ಪು ಟೇಪ್ ಸುತ್ತಿದ್ದರು, ಆ ಟೇಪು ಪೂರಿ ಥರ ಉಬ್ಬಿಕೊಂಡು ಪುಸುಪುಸು ಅನ್ನುತ್ತಿತ್ತು. 7 ಬಾರ್ ಒತ್ತಡದಲ್ಲಿ 3 ಎಂಎಂ ತೂತು ಒಂದೇ ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ.

ರಿಪೇರಿಗೆ ಮುಂಚೆ ಲೈನಿನ ಗಾಳಿ ಪೂರ್ತಿ ಬಿಡಿ, ಇದರಲ್ಲಿ ಆತುರ ಬೇಡ. ಪುಷ್ ಫಿಟ್ಟಿಂಗ್ ಸೋರಿದರೆ ಹೊಸದು ತರುವ ಮೊದಲು ಪೈಪಿನ ತುದಿ ನೋಡಿ. ಬ್ಲೇಡಿನಲ್ಲಿ ಓರೆಯಾಗಿ ಕೊಯ್ದಿರುತ್ತಾರೆ, ಅದಕ್ಕೇ ಒಳಗಿನ ರಿಂಗ್ ಹಿಡಿಯುವುದಿಲ್ಲ. ನೇರವಾಗಿ ಕತ್ತರಿಸಿ ಮತ್ತೆ ಒತ್ತಿ, ಜಾಸ್ತಿ ಕಡೆ ಅಷ್ಟೇ ಸಾಕಾಗುತ್ತದೆ. ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿನಲ್ಲೇ ಸುತ್ತಿ.

ಕಂಪ್ರೆಸರ್ ಟ್ಯಾಂಕಿನ ಡ್ರೇನ್, ಅಂದರೆ ನೀರು ಬಿಡುವ ವಾಲ್ವ್, ಮರೆಯಬೇಡಿ. ನಮ್ಮ ಬೆಳಗಾವಿ ಮಳೆಗಾಲದಲ್ಲಿ ಗಾಳಿಯ ಜೊತೆ ನೀರೂ ಬರುತ್ತದೆ ಅಂತ ವಾಲ್ವನ್ನು ಸ್ವಲ್ಪ ತೆರೆದಿಟ್ಟು ಬಿಡುತ್ತಾರೆ, ಅದು ಬೇಸಿಗೆವರೆಗೂ ಹಾಗೇ ಇರುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೆರೆದು ಮುಚ್ಚಿ.

ಸೋರಿಕೆ ನಿಂತ ಮೇಲೆ ಪ್ರೆಷರ್ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿ. 1 ಬಾರ್ ಇಳಿದರೆ ಕರೆಂಟ್ 6-7% ಉಳಿಯುತ್ತದೆ. ಮಷೀನಿಗೆ ಬೇಕಾದಷ್ಟು ಮಾತ್ರ ಇರಲಿ. ಫೌಂಡ್ರಿ ಇದ್ದವರು ಕಂಪ್ರೆಸರ್ ಉಸಿರೆಳೆಯುವ ಬಾಯಿಯನ್ನು ಕುಲುಮೆ ಕಡೆಯಿಂದ ದೂರ ತಿರುಗಿಸಿ, ಒಳಗೆ ಹೋಗುವ ಗಾಳಿ 4 ಡಿಗ್ರಿ ಬಿಸಿಯಾದರೆ 1% ಕರೆಂಟ್ ಹೆಚ್ಚು.

ಬಂದ ಲೆಕ್ಕವನ್ನು ತಾರೀಖಿನ ಜೊತೆ ಕಂಪ್ರೆಸರ್ ಮೇಲೇ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ನಮ್ಮ ಸೋರಿಕೆ ಈಗ 11%ಗೆ ಬಂದಿದೆ. ಉಳಿದದ್ದು ಗೋಡೆಯೊಳಗಿನ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿದೆ ಅಂತ ನನ್ನ ಗುಮಾನಿ.