ಸಿ.ಆರ್.ಪಿ. ವರದಿಯನ್ನು ಹೃದಯ ಬಡಿತದ ದೃಷ್ಟಿಯಿಂದ ಓದುವುದು ಹೇಗೆ?

ಮೈಸೂರು, ಮಂಡ್ಯದಲ್ಲಿ ರಕ್ತಪರೀಕ್ಷೆಯ ಪ್ಯಾಕೇಜ್ ಮಾಡಿಸಿದವರ ವರದಿಯಲ್ಲಿ ‘ಹೈ ಸೆನ್ಸಿಟಿವಿಟಿ ಸಿ.ಆರ್.ಪಿ.’ ಎಂಬ ಸಾಲು ಇರುವುದುಂಟು. ಸಿ.ಆರ್.ಪಿ. ಎಂದರೆ ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನು. ಅದು ಹೆಚ್ಚಿದೆಯೆಂದ ಮಾತ್ರಕ್ಕೆ ಬಡಿತದ ಲಯ ತಪ್ಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಬಂದೇ ಬರುತ್ತದೆಂದು ತಿಳಿಯಬೇಕಾಗಿಲ್ಲ.

ಮೊದಲು ಅಳತೆಯ ಮಾನವನ್ನು ನೋಡಿಕೊಳ್ಳಿ, ಡೆಸಿಲೀಟರಿಗೆ 0.3 ಮಿಲಿಗ್ರಾಂ ಎಂದರೂ ಲೀಟರಿಗೆ 3 ಮಿಲಿಗ್ರಾಂ ಎಂದರೂ ಒಂದೇ. ಲೀಟರಿಗೆ 1ಕ್ಕಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂಬ ವಿಂಗಡಣೆ ರೂಪುಗೊಂಡದ್ದು ಹೃದಯಾಘಾತದಂಥ ರಕ್ತನಾಳದ ಕಾಯಿಲೆಗಳಿಗಾಗಿಯೇ ಹೊರತು ಲಯದೋಷಕ್ಕಾಗಿ ಅಲ್ಲ. 10ನ್ನು ಮೀರಿದ್ದರೆ ಜ್ವರವೋ, ಹಲ್ಲಿನ ಕೀವೋ, ಕಬ್ಬು ಕಡಿಯುವಾಗ ಆದ ಗಾಯವೋ ಕಾರಣವಿರಬಹುದಾದ್ದರಿಂದ, ವೈದ್ಯರಿಗೆ ತೋರಿಸಿ, ಅದು ವಾಸಿಯಾದ ಮೇಲೆ ಎರಡು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.

ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂಕೇತಕ್ಕೆ ಓಗೊಟ್ಟು ಯಕೃತ್ತು ಸಿ.ಆರ್.ಪಿ.ಯನ್ನು ತಯಾರಿಸುತ್ತದೆ. ಉರಿಯೂತವು ಹೃದಯದ ಮೇಲ್ಕೋಣೆಗಳ ಗೋಡೆಯಲ್ಲಿ ನಾರಿನಂಥ ಗಾಯದ ಕಲೆ ಬೆಳೆಯಲು ನೆರವಾಗಿ ವಿದ್ಯುತ್ ಸಂಚಾರವನ್ನು ಕೆಡಿಸಬಲ್ಲದು. ಆದರೆ ಲಯದೋಷವೇ ಉರಿಯೂತವನ್ನು ಹೆಚ್ಚಿಸುವುದೂ ಉಂಟು. ದೂರದ ಹೊಗೆ ಆಲೆಮನೆಯದೋ, ಗದ್ದೆಯಲ್ಲಿ ಸುಡುತ್ತಿರುವ ಕಬ್ಬಿನ ತರಗಿನದೋ ಎಂದು ನಿಂತಲ್ಲಿಂದ ಹೇಳಲಾಗದಂತೆ, ಈ ಅಂಕಿಯೊಂದರಿಂದಲೇ ಮೂಲ ತಿಳಿಯದು. ವಯಸ್ಸು, ಎತ್ತರ, ತೂಕ, ರಕ್ತದೊತ್ತಡ, ಧೂಮಪಾನ, ಮಧುಮೇಹ, ಹಿಂದಿನ ಹೃದಯಾಘಾತ ಮುಂತಾದವನ್ನು ಸೇರಿಸಿ ಏಟ್ರಿಯಲ್ ಫಿಬ್ರಿಲೇಷನ್ ಬರುವ ಸಾಧ್ಯತೆಯನ್ನು ಅಂದಾಜಿಸಲು 2013ರಲ್ಲಿ ರೂಪಿಸಿದ ‘ಚಾರ್ಜ್-ಎ.ಎಫ್.’ ಲೆಕ್ಕಾಚಾರಕ್ಕೆ ಬಿ.ಎನ್.ಪಿ. ಎಂಬ ಮತ್ತೊಂದು ರಕ್ತಸೂಚಕವನ್ನು ಕೂಡಿಸಿದಾಗ ಮುನ್ನಂದಾಜು ಸುಧಾರಿಸಿತು, ಸಿ.ಆರ್.ಪಿ.ಯಿಂದ ಅಂಥ ಲಾಭವಾಗಲಿಲ್ಲ. ಹಾಗಾಗಿ ಇದೊಂದಕ್ಕಾಗಿ ತಿಂಗಳಿಗೊಮ್ಮೆ ಹಣ ಸುರಿಯುವುದಕ್ಕಿಂತ ರಕ್ತದೊತ್ತಡವನ್ನು ಅಳೆಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಸಿ.ಆರ್.ಪಿ. ಇಳಿಸಲೆಂದು ನೋವಿನ ಮಾತ್ರೆ ನುಂಗುವುದಂತೂ ಬೇಡ. ಅವುಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ.

ನಾಡಿಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬಡಿತಗಳ ನಡುವಿನ ಅಂತರ ಯಾವ ಕ್ರಮಕ್ಕೂ ಸಿಗದಂತಿದ್ದರೆ ಇ.ಸಿ.ಜಿ. ಮಾಡಿಸಿ, ಬಂದು ಹೋಗುವ ತೊಂದರೆಯಾದರೆ 24 ಗಂಟೆ ದಾಖಲಿಸುವ ಹೋಲ್ಟರ್ ಬೇಕಾದೀತು. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೋ ಮಂಡ್ಯದ ಮಿಮ್ಸ್‌ಗೋ ಹೋಗುವಾಗ ಹಳೆಯ ಇ.ಸಿ.ಜಿ., ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಬಾಲ್ಯದಲ್ಲಿ ಕೀಲುನೋವಿನೊಡನೆ ಜ್ವರ ಬಂದಿದ್ದರೆ ಮರೆಯದೆ ತಿಳಿಸಿ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟಿದೆಯೇ ಎಂಬುದು ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಗೊತ್ತಾಗುತ್ತದೆ. ಎದೆನೋವು, ಪ್ರಜ್ಞೆ ತಪ್ಪುವಿಕೆ, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಕಂಡರೆ ಯಾವ ವರದಿಗೂ ಕಾಯದೆ 108ಕ್ಕೆ ಕರೆ ಮಾಡಿ.