ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ

ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗಿ ಬಿಗಿಯುವ ಕಾಯಿಲೆ, ಬಂದು ಆರು ವರ್ಷವಾಯಿತು. ನೋಡಿಕೊಳ್ಳುವವಳು ನಾನೇ. ಹನುಮಂತನಗರದ ಮನೆಯಲ್ಲೇ ಕೂತು ಸೀರೆಗೆ ಫಾಲ್ ಹೊಲಿದು, ಕುಚ್ಚು ಕಟ್ಟಿ ಒಂದಿಷ್ಟು ಸಂಪಾದಿಸುತ್ತಿದ್ದೆ. ರಾತ್ರಿ ನಿದ್ದೆ ಕೆಟ್ಟ ಮೇಲೆ ಅದೂ ಅರ್ಧಕ್ಕೆ ಇಳಿಯಿತು. ತೂಕಡಿಸುತ್ತಾ ಗಂಟು ಹಾಕಿದರೆ ಒಂದು ಕುಚ್ಚು ಉದ್ದ, ಇನ್ನೊಂದು ಗಿಡ್ಡ. ಗಿರಾಕಿಗಳು ಸುಮ್ನೆ ಬಿಡ್ತಾರಾ?

ತಮ್ಮ ಇರುವುದು ವೈಟ್‌ಫೀಲ್ಡಿನಲ್ಲಿ. ಪ್ರತಿ ಭಾನುವಾರ ಫೋನು. "ನೀನಿದ್ದೀಯಲ್ಲ ಅಕ್ಕ, ನಮಗೇನು ಚಿಂತೆ?" ಎರಡು ಸಲ ಅತ್ತುಬಿಟ್ಟೆ, ಒಂದು ಸಲ ಕೂಗಾಡಿದೆ. "ಹೂಂ, ಕಷ್ಟ ಅಲ್ವಾ" ಅಂದು ದುಡ್ಡು ಕಳಿಸಿದ. ದುಡ್ಡು ಬೇಡ ಅಂತಲ್ಲ. ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಮಗ್ಗುಲು ತಿರುಗಿಸೋದು ದುಡ್ಡಲ್ಲ, ಕೈ.

ನಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆದಿಡುವುದು ಅಮ್ಮನ ಕಾಲದಿಂದ ರೂಢಿ. ಅದರ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ರಾತ್ರಿ ಎಷ್ಟು ಸಲ ಎದ್ದೆ ಅಂತ ಬರೆಯತೊಡಗಿದೆ. 4. 6. 5. 7. ಬೇರೇನೂ ಇಲ್ಲ, ಬರೀ ಅಂಕಿ.

ಮೊದಲು ತೋರಿಸಿದ್ದು ಡಾಕ್ಟರಿಗೆ. ಅಪ್ಪ ಅಲ್ಲಿ ಯಾವಾಗಲೂ "ಚೆನ್ನಾಗಿದ್ದೀನಿ ಡಾಕ್ಟ್ರೇ" ಅಂದುಬಿಡುತ್ತಾರೆ, ಐದು ನಿಮಿಷದಲ್ಲಿ ಚೀಟಿ ಕೈಗೆ. ಆ ಸಲ ನಾನು ಏಳಲಿಲ್ಲ. "ಸಾರ್, ನನ್ನದೂ ಒಂದು ಮಾತಿದೆ" ಅಂತ ಆ ತಿಂಗಳ ಹಾಳೆ ಮೇಜಿನ ಮೇಲಿಟ್ಟೆ. "ರಾತ್ರಿ ನಿದ್ದೆ ಇಲ್ಲ" ಅಂತ ಎಷ್ಟೋ ಸಲ ಹೇಳಿದ್ದೆ, ತಲೆಯಾಡಿಸಿದ್ದರು ಅಷ್ಟೆ. ಈಗ ಅಂಕಿ ನೋಡಿ ಯಾವ ಹೊತ್ತಿಗೆ ಏಳುತ್ತಾರೆ, ಮಾತ್ರೆ ಎಷ್ಟು ಗಂಟೆಗೆ ಅಂತ ಕೇಳಿದರು. ರಾತ್ರಿಯ ಮಾತ್ರೆ ಬದಲಾಯಿತು. ಊಟಕ್ಕೆ ಅರ್ಧ ಗಂಟೆ ಮುಂಚೆಯೇ ಮಾತ್ರೆ ಕೊಡಿ, ಬೇಳೆ, ಮೊಸರಿನ ಜೊತೆ ಬಿದ್ದರೆ ಸರಿಯಾಗಿ ಹಿಡಿಯಲ್ಲ ಅಂತಲೂ ಹೇಳಿದರು. ಇಷ್ಟು ವರ್ಷ ನಾನು ಸಾರನ್ನ ತಿನ್ನಿಸಿದ ಮೇಲೇ ಕೊಡ್ತಿದ್ದೆ!

ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದ ಒಬ್ಬರು ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿನ ವಿಷಯ ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಅದೇ ಕಾಯ್ದೆಯಲ್ಲಿ ಆರೈಕೆ ಮಾಡುವವರು ಅಂದರೆ ಯಾರು ಅಂತ ಬರೆದಿದ್ದಾರೆ: ಸಂಬಳ ಪಡೆದು ಮಾಡಲಿ, ಪಡೆಯದೆ ಮಾಡಲಿ, ಮನೆಯವರೂ ಸೇರಿ. ಆ ಸಾಲನ್ನು ಮೂರು ಸಲ ಓದಿದೆ. ಆನ್‌ಲೈನ್ ಅರ್ಜಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ, ಓಡಾಟ ಸಾಕಷ್ಟಾಯಿತು. ಅಪ್ಪನ ಅಂಗವೈಕಲ್ಯ ಶೇಕಡಾ 40ಕ್ಕಿಂತ ಜಾಸ್ತಿ ಅಂತ ಬಂತು. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ತಮ್ಮನ್ನೇ ನಂಬಿರುವ ಇಂಥ ತಂದೆತಾಯಿಯ ಹೆಸರಿನಲ್ಲಿ ತೆರಿಗೆಯ ಆದಾಯದಿಂದ 75,000 ರೂಪಾಯಿ ಕಡಿತ ಸಿಗುತ್ತೆ ಅಂದಾಗ ತಮ್ಮ ಅದೇ ವಾರ ಮನೆಗೆ ಬಂದ.

ಕ್ಯಾಲೆಂಡರ್ ಎದುರು ಅವನನ್ನು ನಿಲ್ಲಿಸಿದೆ. ಒಂದೇ ಒಂದು ಬೇಡಿಕೆ ಇಟ್ಟೆ, ಹತ್ತು ಕೇಳಿದರೆ ಹತ್ತೂ ಹೋಗುತ್ತವೆ. "ತಿಂಗಳಿಗೆ ಎರಡು ಶನಿವಾರ ರಾತ್ರಿ ನೀನು ಇಲ್ಲಿ ಮಲಗು. ನಾನು ಚಿಕ್ಕಮ್ಮನ ಮನೆಗೆ ಹೋಗಿ ನಿದ್ದೆ ಮಾಡ್ತೀನಿ."

"ಟ್ರಾಫಿಕ್ಕಲ್ಲಿ ಆ ಕಡೆಯಿಂದ..."

"ನೇರಳೆ ಮೆಟ್ರೋ ಹತ್ತು, ಮೆಜೆಸ್ಟಿಕ್ಕಲ್ಲಿ ಹಸಿರಿಗೆ ಬದಲಾಯಿಸು, ನ್ಯಾಷನಲ್ ಕಾಲೇಜಲ್ಲಿ ಇಳಿ."

ಅವನಿಗೆ ಎಲ್ಲಾ ತೋರಿಸಿಕೊಟ್ಟೆ. ಬಚ್ಚಲ ಹೊಸಿಲಲ್ಲಿ ಅಪ್ಪನ ಕಾಲು ಅಂಟಿದ ಹಾಗೆ ನಿಂತುಬಿಡುತ್ತೆ. ಎಳೀಬೇಡ, ನೆಲಕ್ಕೆ ಹಚ್ಚಿರುವ ಹಳದಿ ಟೇಪು ತೋರಿಸಿ "ಇದನ್ನ ದಾಟಿ" ಅನ್ನು, ಕಾಲು ತಾವೇ ಎತ್ತುತ್ತಾರೆ.

ಮೊದಲ ಶನಿವಾರ ಮಾತ್ರೆ ಒಂದು ಗಂಟೆ ತಡ ಮಾಡಿದ. ಮೂರು ಸಲ ಫೋನ್ ಮಾಡಿದ, ಎರಡು ಸಲ ನಾನು ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಬಂದರೆ ತಮ್ಮ ಕೆಂಪು ಕಣ್ಣು ಬಿಟ್ಟುಕೊಂಡು ಕಾಫಿ ಸೋಸುತ್ತಿದ್ದ. ಕ್ಯಾಲೆಂಡರಿನ ಚೌಕದಲ್ಲಿ ಅವನದೇ ವಕ್ರ ಅಕ್ಷರ: 6.